ಬ್ಲೇಡು ತಾಮ್ರಕ್ಕೆ ತಾಗದಂತೆ ಕೇಬಲ್ ಬಿಡಿಸುವುದು

ಹಳೆಯ ಸ್ವಿಚ್ ಬೋರ್ಡು ಬಿಚ್ಚಿದಾಗ ಟರ್ಮಿನಲ್ ಅಂಚಿನಲ್ಲೇ ತಂತಿ ಪಟಕ್ಕನೆ ಮುರಿದು ಕೈಗೆ ಬರುವುದುಂಟು. ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ನೇರವಾದ ಒಂದು ಗೀರು ಕಾಣುತ್ತದೆ. ಅದು ತುಕ್ಕಲ್ಲ, ತಯಾರಿಕೆಯ ದೋಷವೂ ಅಲ್ಲ. ಇನ್ಸುಲೇಷನ್ ತೆಗೆಯುವಾಗ ಬ್ಲೇಡು ತಾಮ್ರದ ಮೇಲೆ ಬಿಟ್ಟ ಕಚ್ಚು.

1.5 ಚದರ ಮಿ.ಮೀ.ನ ಒಂಟಿ ಎಳೆಯ ಗಟ್ಟಿ ತಂತಿಯ ವ್ಯಾಸ ಸುಮಾರು 1.4 ಮಿ.ಮೀ. ಅದರ ಸುತ್ತಲೂ 0.2 ಮಿ.ಮೀ. ಆಳದ ಕಚ್ಚು ಬಿದ್ದರೆ ಅಲ್ಲಿ ಉಳಿಯುವ ತಾಮ್ರ ಅರ್ಧದಷ್ಟು ಮಾತ್ರ. ಕಚ್ಚು ತೀರಾ ಕಿರಿದಾದ್ದರಿಂದ ಅದರಿಂದ ರೆಸಿಸ್ಟೆನ್ಸ್ ಹೆಚ್ಚೇನೂ ಏರುವುದಿಲ್ಲ. ಹುಟ್ಟುವ ಅಲ್ಪಸ್ವಲ್ಪ ಬಿಸಿಯನ್ನು ಅಕ್ಕಪಕ್ಕದ ತಾಮ್ರ ಹೀರಿಕೊಳ್ಳುತ್ತದೆ. ನಿಜವಾದ ಅಪಾಯ ತಂತಿಯನ್ನು ಬಗ್ಗಿಸುವಾಗ. ಬಾಗುವ ಒತ್ತಡವೆಲ್ಲ ಆ ಗೀರಿನಲ್ಲೇ ಕೇಂದ್ರೀಕರಿಸಿ, ನಾಲ್ಕಾರು ಸಲ ಅತ್ತಿತ್ತ ಬಾಗಿದರೆ ಬಿರುಕು ಒಳಗಿಳಿಯುತ್ತದೆ. ಅಲ್ಯೂಮಿನಿಯಂ ತಂತಿಯಾದರೆ ಅಷ್ಟೂ ತಡೆಯುವುದಿಲ್ಲ.

ಹಲವು ಎಳೆಗಳ ತಂತಿಯಲ್ಲಿ ಕಥೆ ಬೇರೆ. 1.5 ಚದರ ಮಿ.ಮೀ. ತಂತಿಯಲ್ಲಿ 0.3 ಮಿ.ಮೀ.ನ 22 ಎಳೆಗಳಿವೆ ಎಂದುಕೊಳ್ಳಿ. ನಾಲ್ಕು ಎಳೆ ತುಂಡಾದರೆ ಶೇ. 18ರಷ್ಟು ತಾಮ್ರ ಹೋಯಿತು. ಅರ್ಧ ತುಂಡಾಗಿ ಹೊರಚಾಚಿದ ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಎಳೆ ಹೋಗಿದೆಯೋ ಇಲ್ಲವೋ ತಿಳಿಯಬೇಕೆಂದರೆ ತಂತಿಯನ್ನು ನೋಡಿದರೆ ಸಾಲದು, ಕಳಚಿಬಂದ ಸಿಪ್ಪೆಯ ತುಂಡಿನೊಳಗೆ ಇಣುಕಿ. ಕತ್ತರಿಸಿದ ಎಳೆಗಳು ಅಲ್ಲೇ ಸಿಕ್ಕಿಕೊಂಡಿರುತ್ತವೆ.

ಕೆಲಸದ ಸೂತ್ರ ಒಂದೇ: ಕೊನೆಯ ತೆಳು ಪದರವನ್ನು ಬ್ಲೇಡಿನಿಂದ ಕೊಯ್ಯಬಾರದು, ಅದು ತಾನಾಗಿ ಹರಿಯಬೇಕು. ಶುರು ಮಾಡುವ ಮೊದಲು ಸಪ್ಲೈ ಆಫ್ ಮಾಡಿ, ಟೆಸ್ಟರಿನಿಂದ ಖಚಿತಪಡಿಸಿಕೊಳ್ಳಿ. ಕೇಬಲ್ಲಿನಲ್ಲಿ ಐದಾರು ಸೆಂ.ಮೀ. ಹೆಚ್ಚುವರಿ ಉದ್ದವೂ ಇರಲಿ.

ಹೊರ ಕವಚಕ್ಕೆ ಚಾಕು ಸಾಕು. ಕೇಬಲ್ಲಿನ ಸುತ್ತ ಉಂಗುರದಂತೆ ಗೀರು ಹಾಕಿ, ಆದರೆ ಕವಚದ ಮೂರನೇ ಎರಡು ಭಾಗಕ್ಕಿಂತ ಆಳಕ್ಕೆ ಹೋಗಬೇಡಿ. ಆಮೇಲೆ ಗೀರಿನ ಜಾಗದಲ್ಲಿ ಕೇಬಲ್ಲನ್ನು ಬಗ್ಗಿಸಿ. ಪಿವಿಸಿ ಕವಚದಲ್ಲಿ ಗೀರು ಬಾಯಿ ತೆರೆದು, ಉಳಿದ ಪದರ ಹರಿದುಕೊಳ್ಳುತ್ತದೆ. ಎದುರು ದಿಕ್ಕಿಗೂ ಬಗ್ಗಿಸಿದರೆ ಉಂಗುರ ಪೂರ್ತಿ ಬಿಡುತ್ತದೆ, ತುಂಡನ್ನು ಎಳೆದು ತೆಗೆಯಬಹುದು. ಉದ್ದ ಹೆಚ್ಚಿದ್ದರೆ ಹತ್ತು ಹತ್ತು ಸೆಂ.ಮೀ.ನಂತೆ ಕಳಚಿ, ಒಮ್ಮೆಗೇ ಎಳೆದರೆ ಕವಚ ಕೋರ್‌ಗಳನ್ನು (ಒಳಗಿನ ಇನ್ಸುಲೇಷನ್ ಸಹಿತ ತಂತಿಗಳನ್ನು) ಬಿಗಿಯಾಗಿ ಹಿಡಿದುಕೊಂಡು ಜಗ್ಗಾಡಬೇಕಾಗುತ್ತದೆ. ರಬ್ಬರ್ ಕವಚ ಹೀಗೆ ಬಿರಿಯುವುದಿಲ್ಲ. ಅದನ್ನು ಬಗ್ಗಿಸಿ ಹಿಗ್ಗಿಸಿಕೊಂಡು, ಹಿಗ್ಗಿದ ಮೈಗೆ ಚಾಕುವಿನ ತುದಿ ತಾಗಿಸಿದರಷ್ಟೇ ಸಾಕು, ಅದೇ ಬಿಟ್ಟುಕೊಡುತ್ತದೆ. ನಡುವೆ ಬರಿಮೈ ಅರ್ತ್ ತಂತಿ ಇರುವ ಚಪ್ಪಟೆ ಕೇಬಲ್ಲನ್ನು ಉದ್ದಕ್ಕೆ ಸೀಳುವುದಾದರೆ ಆ ಅರ್ತ್ ತಂತಿಯ ನೇರಕ್ಕೇ ಹಗುರವಾಗಿ ಸೀಳಿ, ಇಕ್ಕೆಲದ ಕೋರ್‌ಗಳ ಇನ್ಸುಲೇಷನ್ ಉಳಿಯುತ್ತದೆ. ಕೆಲವು ಕೇಬಲ್ಲುಗಳಲ್ಲಿ ಕವಚದ ಕೆಳಗೆ ಗಟ್ಟಿ ದಾರ ಇರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಎಳೆದರೆ ಕವಚ ತಾನೇ ಸೀಳುತ್ತದೆ. ಇದಕ್ಕಿಂತ ಸುರಕ್ಷಿತ ದಾರಿ ಇನ್ನೊಂದಿಲ್ಲ.

ಕವಚ ಹೋದ ಮೇಲೆ ಗೀರು ಹಾಕಿದ ಜಾಗದಲ್ಲಿ ಒಂದೊಂದೇ ಕೋರನ್ನು ಬಗ್ಗಿಸಿ ನೋಡಿ. ಇನ್ಸುಲೇಷನ್‌ಗೆ ಚಾಕು ತಾಗಿದ್ದರೆ ಆ ಕಡೆ ಬಾಯಿ ಬಿಡುತ್ತದೆ. ಅದಕ್ಕೆ ಟೇಪು ಸುತ್ತಿ ಮುಂದುವರಿಯುವುದು ಸರಿಯಲ್ಲ, ಅಲ್ಲಿಗೇ ಕತ್ತರಿಸಿ ಹೊಸದಾಗಿ ಶುರುಮಾಡಿ. ಹೆಚ್ಚುವರಿ ಉದ್ದ ಬೇಕೆಂದದ್ದು ಇದಕ್ಕೇ.

ಕೋರ್ ಬಿಡಿಸಲು ಅಳತೆಯ ರಂಧ್ರಗಳಿರುವ ಸ್ಟ್ರಿಪ್ಪರ್ ಒಳ್ಳೆಯದು, ರಂಧ್ರ ಸರಿಯಾಗಿ ಆರಿಸಿದರೆ. ಗೇಜು ಸಂಖ್ಯೆಯ ಸ್ಟ್ರಿಪ್ಪರಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಎಡಬ್ಲ್ಯೂಜಿ ಎಂಬ ಅಮೆರಿಕನ್ ತಂತಿ ಅಳತೆಯಲ್ಲಿ 16 ಗೇಜು ಎಂದರೆ 1.31 ಚದರ ಮಿ.ಮೀ., 14 ಎಂದರೆ 2.08, 12 ಎಂದರೆ 3.31. ಹಾಗಾಗಿ 1.5ರ ತಂತಿಯನ್ನು 16ರಲ್ಲಿ ಇಟ್ಟರೆ ಕಚ್ಚುತ್ತದೆ, 14ರಲ್ಲಿ ಇಡಿ. 2.5ಕ್ಕೆ 12ರಿಂದ ಶುರುಮಾಡಿ. ಗಟ್ಟಿ ತಂತಿಗೂ ಎಳೆ ತಂತಿಗೂ ಎರಡು ಸಾಲು ಸಂಖ್ಯೆ ಇದ್ದರೆ ಸರಿಯಾದ ಸಾಲನ್ನೇ ಓದಿ, ಯಾಕೆಂದರೆ ಅದೇ ಅಳತೆಯ ಎಳೆ ತಂತಿ ಗಟ್ಟಿ ತಂತಿಗಿಂತ ತುಸು ದಪ್ಪ. ಅನುಮಾನವಿದ್ದರೆ ದೊಡ್ಡ ರಂಧ್ರ ಮೊದಲು, ಅದೂ ಬೇಡದ ತುಂಡಿನ ಮೇಲೆ.

ತಂತಿ ಬ್ಲೇಡಿಗೆ ಲಂಬವಾಗಿರಲಿ. ಒತ್ತಿ, ಕಾಲು ಸುತ್ತು ತಿರುಗಿಸಿ, ಹಿಡಿತವನ್ನು ಕೂದಲೆಳೆಯಷ್ಟು ಸಡಿಲಿಸಿ ನೇರವಾಗಿ ಎಳೆಯಿರಿ. ಎಳೆಯುವಾಗ ಕರಕರ ಎನಿಸಿದರೆ ಬ್ಲೇಡು ತಾಮ್ರವನ್ನು ಕೆರೆಯುತ್ತಿದೆ ಎಂದೇ ಅರ್ಥ, ನಿಲ್ಲಿಸಿ. ಓರೆಯಾಗಿ ಎಳೆದರೆ ಒಂದೇ ಬದಿಗೆ ಗೀರು ಬೀಳುತ್ತದೆ. ಚಳಿಯಲ್ಲಿ ಪಿವಿಸಿ ಪೆಡಸಾಗುತ್ತದೆ, ತುದಿಯನ್ನು ಅಂಗೈಯಲ್ಲಿ ಬೆಚ್ಚಗಾಗಿಸಿಕೊಳ್ಳಿ. ತಾನೇ ಹೊಂದಿಕೊಳ್ಳುವ ಆಟೋಮ್ಯಾಟಿಕ್ ಸ್ಟ್ರಿಪ್ಪರ್ ಪಿವಿಸಿಗೆ ಸಲೀಸು, ಸಿಲಿಕೋನ್ ಮತ್ತು ಟೆಫ್ಲಾನ್ ಹೊದಿಕೆಯ ಮೇಲೆ ಮಾತ್ರ ಜಾರುತ್ತದೆ.

ಲೈಟರಿನಿಂದ ಸುಡುವುದಂತೂ ಬೇಡವೇ ಬೇಡ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುಗಡೆಯಾಗುತ್ತದೆ. ಅದು ಶ್ವಾಸಕೋಶಕ್ಕೂ ಕೆಡುಕು, ತಾಮ್ರವನ್ನೂ ತಿನ್ನುತ್ತದೆ.

ಎಷ್ಟು ಉದ್ದ ಬಿಡಿಸಬೇಕು ಎಂಬುದು ಹಲವು ಸಲ ಟರ್ಮಿನಲ್ಲಿನ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 8ರಿಂದ 12 ಮಿ.ಮೀ. ಹೆಚ್ಚಾದರೆ ಬರಿ ತಾಮ್ರ ಹೊರಗುಳಿಯುತ್ತದೆ. ಕಡಿಮೆಯಾದರೆ ಸ್ಕ್ರೂ ಇನ್ಸುಲೇಷನ್ನನ್ನು ಕಚ್ಚಿ ಕೂರುತ್ತದೆ, ಸಂಪರ್ಕ ಸಡಿಲ. ಎಳೆಗಳನ್ನು ಅವು ಈಗಾಗಲೇ ಹೊಸೆದಿರುವ ದಿಕ್ಕಿನಲ್ಲೇ ಮೆಲ್ಲನೆ ತಿರುಚಿ, ಅಳತೆಗೆ ಸರಿಯಾದ ಫೆರೂಲ್ (ಎಳೆಗಳ ತುದಿಗೆ ತೊಡಿಸುವ ಲೋಹದ ಪುಟ್ಟ ಕೊಳವೆ) ಹಾಕಿ ಕ್ರಿಂಪ್ ಮಾಡಿ, ಅಂದರೆ ಉಪಕರಣದಿಂದ ಅದುಮಿ ಬಿಗಿ ಮಾಡಿ. ಫೆರೂಲ್ ಬದಲು ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂ ಕೆಳಗೆ ಕೂರಿಸಬೇಡಿ: ಒತ್ತಡಕ್ಕೆ ಸೋಲ್ಡರ್ ದಿನೇ ದಿನೇ ಚಪ್ಪಟೆಯಾಗುತ್ತ ಹೋಗುತ್ತದೆ, ಬಿಗಿದ ಸ್ಕ್ರೂ ಸಡಿಲಾಗಿ ಟರ್ಮಿನಲ್ ಬಿಸಿಯೇರುತ್ತದೆ.