ಹಿಡಿತ: ಕೈಯದು ಮತ್ತು ಟೈರಿನದು

ಕನ್ನಡದಲ್ಲಿ ‘ಹಿಡಿತ’ ಎಂಬ ಪದಕ್ಕೆ ಬಿಡುವೇ ಇಲ್ಲ. ಭಾಷೆಯ ಮೇಲೆ ಹಿಡಿತ ಇರುವವನಿಗೆ ನಾಲಗೆಯ ಮೇಲೆ ಇಲ್ಲದಿರಬಹುದು. ಎರಡೂ ಇದ್ದವನಿಗೆ ಹಿರಿಯರು ‘ಖರ್ಚಿನಲ್ಲಿ ಸ್ವಲ್ಪ ಹಿಡಿತ ಇರಲಿ’ ಎಂದು ಬುದ್ಧಿ ಹೇಳುತ್ತಾರೆ. ಕಾರಿಗೆ ಹೊಸ ಟೈರು ಹಾಕಿಸುವ ದಿನ ಈ ಪದದ ಎರಡು ಅರ್ಥಗಳು ಎದುರುಬದುರಾಗುತ್ತವೆ. ಕೈ ಬಿಗಿ ಹಿಡಿದರೆ ಅಗ್ಗದ ಟೈರು, ರಸ್ತೆಯನ್ನು ಬಿಗಿ ಹಿಡಿಯಬೇಕೆಂದರೆ ದುಬಾರಿ ಟೈರು. ಮಾರುವವರು ಮೊದಲನೆಯದನ್ನು ‘ಬಜೆಟ್’ ಎನ್ನುತ್ತಾರೆ, ಎರಡನೆಯದನ್ನು ‘ಪ್ರೀಮಿಯಂ’. ಇವೆರಡೂ ಪೇಟೆಯ ಮಾತುಗಳು. ಇಂಥ ಗುಣವಿದ್ದರೆ ಪ್ರೀಮಿಯಂ, ಇಲ್ಲದಿದ್ದರೆ ಬಜೆಟ್ ಎಂದು ಯಾವ ಗೆರೆಯೂ ಇಲ್ಲ. ಅಳೆಯಲು ಬರುವುದು ಹಿಡಿತವನ್ನು. ಹಾಗಾಗಿ ಪರಿಚಯ ಮಾಡಿಕೊಳ್ಳಬೇಕಾದದ್ದು ಈ ಹಳೆಯ ಪದವನ್ನೇ.

ಒಂದೂವರೆ ಟನ್ ತೂಗುವ ಕಾರು ನೆಲಕ್ಕೆ ತಾಗಿರುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ, ಒಂದೊಂದು ಟೈರಿಗೆ ಒಂದೊಂದು ಅಂಗೈ. ಎಂಜಿನ್ನಿನ ಬಲ, ಸ್ಟೀರಿಂಗಿನ ತಿರುವು, ಬ್ರೇಕಿನ ಒತ್ತಡ ಎಲ್ಲವೂ ಆ ಅಂಗೈಗಳನ್ನು ದಾಟಿಯೇ ರಸ್ತೆಗೆ ತಲುಪಬೇಕು. ಬ್ರೇಕು ಕಾರನ್ನು ನಿಲ್ಲಿಸುತ್ತದೆ ಎನ್ನುವುದು ಮಾತಿನ ರೂಢಿ, ಅಷ್ಟೇ. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು. ಚಕ್ರ ಕಚ್ಚಿಕೊಂಡು ಜಾರದಂತೆ ಬ್ರೇಕನ್ನು ನಿಯಂತ್ರಿಸುವ ಎಬಿಎಸ್ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅದು ಇರುವ ಹಿಡಿತವನ್ನು ಪೋಲಾಗದಂತೆ ಬಳಸುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ರಬ್ಬರು ರಸ್ತೆಯನ್ನು ಹಿಡಿಯುವ ಬಗೆ ಎರಡು. ಒಂದು ಅಂಟು: ರಬ್ಬರಿನ ಅಣುಗಳು ಕಲ್ಲಿನ ಮೈಗೆ ನೇರವಾಗಿ ತಾಗಿ, ಅಂಟಿ, ಬಿಡುತ್ತವೆ. ನಡುವೆ ನೀರಿನ ತೆಳು ಪದರ ಬಂದರೆ ಈ ಅಂಟು ಬಹುಮಟ್ಟಿಗೆ ಹೋಯಿತು. ಇನ್ನೊಂದು ಹೆಚ್ಚು ಸ್ವಾರಸ್ಯದ್ದು. ರಸ್ತೆಯ ಮೇಲ್ಮೈ ನಮ್ಮ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಟೈರಿನ ಪಾಲಿಗೆ ಅದು ಗುಡ್ಡಗಾಡು. ರಬ್ಬರು ಪ್ರತಿಯೊಂದು ಕಲ್ಲಿನ ಚೂಪಿಗೂ ತಗ್ಗಿ, ಸುತ್ತುವರಿದು, ಮತ್ತೆ ಮೇಲೇಳುತ್ತದೆ. ಮೇಲೇಳುವಾಗ ಸ್ವಲ್ಪ ತಡ ಮಾಡುತ್ತದೆ. ಈ ಸೋಮಾರಿತನವೇ ಹಿಡಿತ. ಥಟ್ಟನೆ ಪುಟಿಯುವ ರಬ್ಬರು ಕಲ್ಲಿನ ಮೇಲೆ ಜಾರಿಹೋಗುತ್ತದೆ. ನಿಧಾನವಾಗಿ ಚೇತರಿಸಿಕೊಳ್ಳುವ ರಬ್ಬರು ಕಾರಿನ ಓಟವನ್ನು ಶಾಖವಾಗಿ ನುಂಗಿ ತಡೆಯುತ್ತದೆ. ಒದ್ದೆ ರಸ್ತೆಯಲ್ಲಿ ನಮ್ಮನ್ನು ಕಾಯುವುದು ಹೆಚ್ಚಾಗಿ ಈ ಎರಡನೆಯ ಬಗೆಯೇ.

ತೊಡಕು ಇರುವುದೂ ಇಲ್ಲಿಯೇ. ಅದೇ ಸೋಮಾರಿ ರಬ್ಬರು ಸುಮ್ಮನೆ ಉರುಳುವಾಗಲೂ ಶಕ್ತಿಯನ್ನು ನುಂಗುತ್ತದೆ, ಇಂಧನ ಹೆಚ್ಚು ಕುಡಿಸುತ್ತದೆ. ಗಟ್ಟಿ ಮಾಡಿದರೆ ಬಾಳಿಕೆಯೂ ಮೈಲೇಜೂ ಬರುತ್ತವೆ, ಹಿಡಿತ ಹೋಗುತ್ತದೆ. ಮೆತ್ತಗೆ ಮಾಡಿದರೆ ಹಿಡಿತ ಬರುತ್ತದೆ, ಉಳಿದೆರಡು ಹೋಗುತ್ತವೆ. ಈ ಮೂರು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟುವುದೇ ಟೈರು ತಯಾರಿಕೆಯ ನಿಜವಾದ ವಿದ್ಯೆ. ಸಾಧ್ಯವಾದದ್ದು ಹೀಗೆ: 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ಹಾಕುತ್ತದೆ. ಉರುಳುವಾಗಿನ ಬಾಗು ಅಷ್ಟೇ ನಿಧಾನದ್ದು. ಬ್ರೇಕು ಹಾಕಿದಾಗ ಕಲ್ಲಿನ ಚೂಪುಗಳಿಂದ ಆಗುವ ನಡುಕ ಸೆಕೆಂಡಿಗೆ ಸಾವಿರಗಟ್ಟಲೆ ಬಾರಿ. ಮೊದಲನೆಯದಕ್ಕೆ ಚುರುಕಾಗಿ, ಎರಡನೆಯದಕ್ಕೆ ಸೋಮಾರಿಯಾಗಿ ವರ್ತಿಸುವ ರಬ್ಬರು ಸಿಕ್ಕರೆ ಗೆದ್ದಂತೆ. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ, ರಬ್ಬರಿಗೆ ಗಟ್ಟಿತನ ಕೊಡಲು ಬೆರೆಸುವ ಇಂಗಾಲದ ಕಪ್ಪು ಪುಡಿಯ ಬಹುಭಾಗವನ್ನು ತೆಗೆದು ಸಿಲಿಕಾ ಬೆರೆಸಿದ ಟೈರನ್ನು ಮಾರುಕಟ್ಟೆಗೆ ತಂದದ್ದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಸಿಲಿಕಾ ಎಂದರೆ ಮರಳಿನ ಕುಲದ್ದು, ನೀರನ್ನು ಇಷ್ಟಪಡುವಂಥದ್ದು. ರಬ್ಬರು ಎಣ್ಣೆಯ ಜಾತಿ. ಇಬ್ಬರನ್ನೂ ಕೂಡಿಸಲು ಸಿಲೇನ್ ಎಂಬ ಮಧ್ಯಸ್ಥ ಬೇಕು, ಬೆರೆಸುವಾಗ ಶಾಖ ಹದ ತಪ್ಪಬಾರದು, ಹೊತ್ತೂ ಹೆಚ್ಚು ಹಿಡಿಯುತ್ತದೆ. ದುಬಾರಿ ಟೈರಿಗೆ ಕೊಡುವ ಹೆಚ್ಚಿನ ಹಣದ ಒಂದು ಪಾಲು ಹೋಗುವುದು ಈ ಮಿಶ್ರಣಕ್ಕೆ, ಮತ್ತೊಂದು ಪಾಲು ಪರೀಕ್ಷಾ ಪಥದ ಮೇಲೆ ಮತ್ತೆ ಮತ್ತೆ ಓಡಿಸಿ ತಿದ್ದುವುದಕ್ಕೆ. ಜಾಹೀರಾತಿಗೂ ಹೋಗುತ್ತದೆ, ಇಲ್ಲವೆನ್ನುವುದಿಲ್ಲ.

ಒಣ ರಸ್ತೆಯಲ್ಲಿ, ಊರೊಳಗಿನ ವೇಗದಲ್ಲಿ ಎರಡು ಟೈರುಗಳ ನಡುವೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನಾನೂ ಒಮ್ಮೆ ಅಗ್ಗದ ಜೋಡಿ ಹಾಕಿಸಿ, ಆರು ತಿಂಗಳು ‘ಏನೂ ತೊಂದರೆಯಿಲ್ಲ’ ಎಂದು ಬೀಗಿದ್ದೆ. ಒಂದು ಸಂಜೆ ತುಂತುರು ಹನಿಯಿತು. ದೂಳು, ಎಣ್ಣೆ, ನೀರು ಕಲಸಿಕೊಂಡು ರಸ್ತೆ ಸೋಪಿನಂತಾಗುವ ಹೊತ್ತು. ವೃತ್ತದಲ್ಲಿ ತಿರುಗಿಸಿದಾಗ ಸ್ಟೀರಿಂಗು ಇದ್ದಕ್ಕಿದ್ದಂತೆ ಹಗುರವಾಯಿತು. ನಾನು ತಿರುಗಿಸಿದ್ದೆ, ಕಾರು ತಿರುಗಿರಲಿಲ್ಲ. ಅರ್ಧ ಸೆಕೆಂಡು ಇರಬಹುದು. ಏನೂ ಆಗಲಿಲ್ಲ. ಆದರೆ ಆ ಹಗುರ ಇವತ್ತಿಗೂ ಅಂಗೈಯಲ್ಲಿ ನೆನಪಿದೆ.

ಒದ್ದೆ ರಸ್ತೆಯ ವ್ಯತ್ಯಾಸವನ್ನು ಸರಳ ಲೆಕ್ಕದಲ್ಲಿ ನೋಡಬಹುದು. ಎರಡು ಕಾರುಗಳು 80 ಕಿಲೋಮೀಟರ್ ವೇಗದಲ್ಲಿ ಅಕ್ಕಪಕ್ಕ ಹೋಗುತ್ತಿವೆ ಎನ್ನಿ. ಇಬ್ಬರೂ ಒಂದೇ ಗಳಿಗೆಯಲ್ಲಿ ಬ್ರೇಕು ಅದುಮುತ್ತಾರೆ. ಮೊದಲನೆಯದರ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.8, ಎರಡನೆಯದರದು 0.6. ಮೊದಲನೆಯ ಕಾರು ಸುಮಾರು 31.5 ಮೀಟರಿಗೆ ನಿಲ್ಲುತ್ತದೆ, ಎರಡನೆಯದು ಸುಮಾರು 42 ಮೀಟರಿಗೆ. ಹತ್ತು ಮೀಟರು ತಾನೇ ಎನಿಸಬಹುದು. ಮೊದಲನೆಯ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ಯಾವ ವೇಗದಲ್ಲಿ ದಾಟುತ್ತದೆ ಎಂದು ಕೇಳಿ ನೋಡಿ. ಗಂಟೆಗೆ 40 ಕಿಲೋಮೀಟರ್. ಶಕ್ತಿಯ ಮುಕ್ಕಾಲು ಪಾಲು ಕಳೆದಿದ್ದರೂ ವೇಗ ಇಳಿದಿರುವುದು ಅರ್ಧಕ್ಕೆ ಮಾತ್ರ, ಏಕೆಂದರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತದೆ. ಅಡ್ಡ ಬಂದವನು ಆ ಹತ್ತು ಮೀಟರಿನೊಳಗೆ ನಿಂತಿದ್ದರೆ ಒಂದು ಕಾರು ಅವನನ್ನು ಮುಟ್ಟುವುದೂ ಇಲ್ಲ, ಇನ್ನೊಂದು ಗುದ್ದುತ್ತದೆ.

ತಿರುವಿನ ಸಂಗತಿ ಬೇರೆ. ಟೈರಿನ ಒಟ್ಟು ಹಿಡಿತವನ್ನು ತಿಂಗಳ ಸಂಬಳ ಎಂದುಕೊಳ್ಳಿ. ಬ್ರೇಕಿಗೆ ಖರ್ಚು ಮಾಡಿದಷ್ಟೂ ತಿರುವಿಗೆ ಉಳಿಯುವುದು ಕಡಿಮೆ. ಪೂರ್ತಿ ಬ್ರೇಕು ಹಾಕಿ ಪೂರ್ತಿ ತಿರುಗಿಸಲು ಹೊರಟರೆ ಸಾಲ ಮಾಡಬೇಕು, ಭೌತಶಾಸ್ತ್ರ ಸಾಲ ಕೊಡುವುದಿಲ್ಲ. ಒಳ್ಳೆಯ ಟೈರಿನ ಸಂಬಳವೇ ಹೆಚ್ಚು, ಆ ಮಾತು ಒಪ್ಪಿದೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದದ್ದು, ಅದು ಹಣ ಮುಗಿಯುತ್ತಾ ಬಂದಾಗ ಮುಂಚಿತವಾಗಿ ಹೇಳುತ್ತದೆ. ಸ್ಟೀರಿಂಗಿನ ಬಿಗಿ ನಿಧಾನವಾಗಿ ಸಡಿಲವಾಗುತ್ತದೆ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಕಳಪೆ ಟೈರು ಕೊನೆಯ ಕಾಸಿನವರೆಗೂ ಸುಮ್ಮನಿದ್ದು ಒಮ್ಮೆಲೇ ಕೈ ಎತ್ತುತ್ತದೆ. ನನಗೆ ಆ ಸಂಜೆ ಆದದ್ದು ಇದೇ.

ಹಿಡಿತ ಎಷ್ಟಿದೆ ಎಂದು ಕೊಳ್ಳುವ ಮೊದಲೇ ತಿಳಿಯುವ ದಾರಿ ಇದೆಯೇ? ಅರೆಬರೆ ಇದೆ. ಐರೋಪ್ಯ ಒಕ್ಕೂಟದಲ್ಲಿ 2012ರ ನವೆಂಬರ್‌ನಿಂದ ಟೈರಿಗೆ ಚೀಟಿ ಕಡ್ಡಾಯ. 2021ರ ಮೇ ತಿಂಗಳಲ್ಲಿ ಅದನ್ನು ಪರಿಷ್ಕರಿಸಲಾಯಿತು. ಮಳೆಮೋಡದ ಚಿತ್ರದ ಕೆಳಗೆ ಎ ಇಂದ ಇ ವರೆಗಿನ ಅಕ್ಷರ ಒದ್ದೆ ಹಿಡಿತದ ದರ್ಜೆ. ಅಮೆರಿಕದ ಪದ್ಧತಿಯಲ್ಲಿ ಟೈರಿನ ಪಕ್ಕದ ಮೈಯಲ್ಲೇ ಎಎ, ಎ, ಬಿ, ಸಿ ಎಂಬ ದರ್ಜೆ ಇರುತ್ತದೆ. ಎರಡೂ ಹೊಸ ಟೈರಿನವು, ಎರಡೂ ನೇರ ದಾರಿಯ ಬ್ರೇಕಿನವು. ತಿರುವಿನಲ್ಲಿ ಏನಾದೀತು ಎಂದು ಹೇಳುವುದಿಲ್ಲ. ಅಮೆರಿಕದ ಗುರುತಿನ ಪಕ್ಕದಲ್ಲಿ 300, 500 ಎಂಬಂಥ ಸಂಖ್ಯೆಯೊಂದು ಇರುತ್ತದೆ, ಅದು ಸವೆತದ ಅಂದಾಜು. ಆ ಸಂಖ್ಯೆ ದೊಡ್ಡದಿದೆ ಎಂದು ಖುಷಿಯಿಂದ ಕೊಳ್ಳುವವರು ಬಾಳಿಕೆಯನ್ನು ಕೊಂಡಿರುತ್ತಾರೆ, ಹಿಡಿತವನ್ನಲ್ಲ. ಇನ್ನು ಪಕ್ಕದ ಮೈಯಲ್ಲಿ ಟೈರಿನ ಅಳತೆಯಿಂದ ಆರಂಭವಾಗುವ 205/55 ಆರ್16 91ವಿ ಎಂಬಂಥ ಬರಹದಲ್ಲಿ 91 ಎಂದರೆ ಟೈರೊಂದಕ್ಕೆ 615 ಕಿಲೋ ಭಾರ, ವಿ ಎಂದರೆ ಗಂಟೆಗೆ 240 ಕಿಲೋಮೀಟರ್ ವೇಗದವರೆಗೆ ತಾಳಿಕೆ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಇದೇ ಬರಹ ಇರಬಹುದಾದ್ದರಿಂದ ಎರಡೂ ಒಂದೇ ಎಂದು ಮೋಸಹೋಗುವುದು ಸುಲಭ.

ಹಾಗೆಂದು ಅಗ್ಗದ್ದೆಲ್ಲ ಕಳಪೆ ಎನ್ನಲಾರೆ. ಕಾಂಟಿನೆಂಟಲ್ ಒಡೆತನದಲ್ಲಿ ಬಾರುಮ್, ಸೆಂಪೆರಿಟ್ ಇವೆ, ಮಿಶೆಲಿನ್ ಒಡೆತನದಲ್ಲಿ ಕ್ಲೆಬರ್ ಇದೆ. ದೊಡ್ಡ ಮನೆಯ ತಮ್ಮಂದಿರಂತಿರುವ ಇಂಥ ಮಧ್ಯಮ ಬೆಲೆಯ ಟೈರುಗಳಲ್ಲಿ ಒದ್ದೆ ಹಿಡಿತಕ್ಕೆ ಎ ಅಥವಾ ಬಿ ಇರುವುದನ್ನು ಹುಡುಕುವುದು ಬಹುಪಾಲು ಜನರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಹೆದ್ದಾರಿಯಲ್ಲಿ ವೇಗವಾಗಿ, ಮಳೆಯಲ್ಲಿ, ಘಾಟಿಯಲ್ಲಿ, ತುಂಬಿದ ಕಾರಿನಲ್ಲಿ ಮತ್ತೆ ಮತ್ತೆ ಓಡಾಡುವವರು ಮೇಲಿನ ದರ್ಜೆಗೆ ಹೋಗಲಿ. ಹೆಸರೂ ದರ್ಜೆಯೂ ಗೊತ್ತಿಲ್ಲದ, ‘ಬಹಳ ದಿನ ಬರುತ್ತದೆ’ ಎಂಬ ಒಂದೇ ಮಾತಿನ ಮೇಲೆ ಮಾರುವ ಟೈರಿನಿಂದ ಎಲ್ಲರೂ ದೂರ ಇರಲಿ.

ಸವೆದ ಪ್ರೀಮಿಯಂ ಟೈರಿಗಿಂತ ಹೊಸ ಬಜೆಟ್ ಟೈರು ನಿಂತ ನೀರಿನಲ್ಲಿ ಮೇಲು. ಹೊಸ ಟೈರಿನ ಮೈಮೇಲಿನ ತೋಡು ಸುಮಾರು 8 ಮಿಲಿಮೀಟರ್ ಆಳ. ಹಲವು ದೇಶಗಳಲ್ಲಿ ಕಾನೂನಿನ ಕನಿಷ್ಠ ಮಿತಿ 1.6. ನೀರನ್ನು ಪಕ್ಕಕ್ಕೆ ಹೊರದೂಡುವುದು ಈ ತೋಡುಗಳೇ. ಅವು ಆಳವಿಲ್ಲದಾದಾಗ ಟೈರು ನೀರಿನ ಮೇಲೆ ತೇಲುತ್ತದೆ, ಆಗ ರಬ್ಬರು ಎಷ್ಟು ದುಬಾರಿಯದಾದರೇನು, ಅದು ರಸ್ತೆಯನ್ನು ಮುಟ್ಟುತ್ತಲೇ ಇಲ್ಲ. ಮಿತಿ ಮುಟ್ಟುವವರೆಗೆ ಕಾಯದೆ 3 ಮಿಲಿಮೀಟರಿಗೇ ಬದಲಿಸುವವರು ದುಂದುಗಾರರಲ್ಲ. ಗಾಳಿ ಕಡಿಮೆಯಿದ್ದರೂ ಕಥೆ ಕೆಡುತ್ತದೆ. ಹಳತಾದರೂ ಅಷ್ಟೇ, ರಬ್ಬರು ಬಳಸದಿದ್ದರೂ ಗಡುಸಾಗುತ್ತದೆ. ಪಕ್ಕದ ಮೈಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ 1425 ಎಂದಿದ್ದರೆ ಅದು 2025ನೆಯ ಇಸವಿಯ 14ನೆಯ ವಾರ ಹುಟ್ಟಿದ ಟೈರು. ರಿಯಾಯಿತಿ ದೊಡ್ಡದಿದ್ದರೆ ಮೊದಲು ಆ ನಾಲ್ಕು ಅಂಕಿ ನೋಡಿ.

ನಾಲ್ಕರ ಬದಲು ಎರಡೇ ಟೈರು ಕೊಳ್ಳುವಷ್ಟು ಹಣವಿದ್ದಾಗ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಎಂಜಿನ್ನೂ ಸ್ಟೀರಿಂಗೂ ಮುಂದಿರುವಾಗ ಹಿಂದಕ್ಕೇಕೆ ಎಂದು ಹೆಚ್ಚಿನವರು ವಾದಕ್ಕೆ ಇಳಿಯುತ್ತಾರೆ. ಮುಂದಿನ ಟೈರು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಕಾಲು ಸಡಿಲಿಸಿದರೆ ಬಹುತೇಕ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ಅದನ್ನು ಸರಿಪಡಿಸುವ ಕೈಚಳಕ ನಮ್ಮಲ್ಲಿ ಎಷ್ಟು ಜನರಿಗಿದೆ? ಒಂದೇ ಆಕ್ಸಲ್‌ನ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಟೈರು ಹಾಕುವುದಂತೂ ಬೇಡವೇ ಬೇಡ.

ಇನ್ನೊಂದು ಸಣ್ಣ ಸಂಗತಿ. ಹೊಸ ಟೈರು ಹಾಕಿಸಿದ ಮೊದಲ ದಿನವೇ ಅದರ ಪೂರ್ತಿ ಹಿಡಿತ ಸಿಗುವುದಿಲ್ಲ. ಇಡ್ಲಿ ತಟ್ಟೆಗೆ ಎಣ್ಣೆ ಸವರುವ ಹಾಗೆ, ಟೈರು ಅಚ್ಚಿನಿಂದ ಸಲೀಸಾಗಿ ಬಿಡಲಿ ಎಂದು ಕಾರ್ಖಾನೆಯಲ್ಲಿ ಜಾರುವ ದ್ರವ್ಯ ಸವರಿರುತ್ತಾರೆ, ಅದರ ಅಂಶ ಮೈಮೇಲೆ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರು ಹದವಾಗಿ ಓಡಿಸಿ, ಆ ಪದರ ರಸ್ತೆಗೆ ಉಜ್ಜಿ ಹೋಗಲಿ.