ಬಿ-ಸೈಡ್ ಕಟ್ಟಿದ ಅಭಿಮಾನ: ಬ್ರಿಟ್‌ಪಾಪ್ ಸಿಂಗಲ್‌ಗಳ ಹಿನ್ನೆಲೆ

ಬ್ಲರ್ ಮತ್ತು ಓಯಸಿಸ್ ಪೈಪೋಟಿಯಲ್ಲಿ ಗೆದ್ದವರು ಯಾರು ಎಂಬ ವಾದ ಬ್ರಿಟ್‌ಪಾಪ್ (1990ರ ದಶಕದ ಬ್ರಿಟಿಷ್ ರಾಕ್ ಅಲೆ) ಅಭಿಮಾನಿಗಳ ನಡುವೆ ಇವತ್ತಿಗೂ ಮುಗಿದಿಲ್ಲ. 1995ರ ಆಗಸ್ಟ್ 14ರ ಸೋಮವಾರ ಎರಡೂ ಬ್ಯಾಂಡುಗಳ ಹೊಸ ಸಿಂಗಲ್, ಅಂದರೆ ಒಂದು ಮುಖ್ಯ ಹಾಡನ್ನು ಮುಂದಿಟ್ಟು ಮಾರುವ ಪುಟ್ಟ ರೆಕಾರ್ಡ್, ಬ್ರಿಟನ್ನಿನ ಅಂಗಡಿಗಳಿಗೆ ಬಂತು. ವಾರ ಮುಗಿಯುವಷ್ಟರಲ್ಲಿ ಬ್ಲರ್‌ನ ‘ಕಂಟ್ರಿ ಹೌಸ್’ ಸುಮಾರು 2,74,000 ಪ್ರತಿ ಖರ್ಚಾಗಿತ್ತು. ಓಯಸಿಸ್‌ನ ‘ರೋಲ್ ವಿತ್ ಇಟ್’ ಸುಮಾರು 2,16,000. ಈ ಅಂತರ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಆಗಿನ ಸಿಂಗಲ್‌ನ ಡಬ್ಬಿಯನ್ನೇ ತೆರೆದು ನೋಡಬೇಕು.

ಒಂದೇ ಹಾಡು ಸಿ.ಡಿ., ಕ್ಯಾಸೆಟ್, ವಿನೈಲ್ ಹೀಗೆ ಹಲವು ರೂಪದಲ್ಲಿ ಬರುತ್ತಿತ್ತು. ಅಂಗಡಿಯ ಯಂತ್ರ ಬಾರ್‌ಕೋಡ್ ಓದಿದರೆ ಒಂದು ಮಾರಾಟ ದಾಖಲಾಗುತ್ತಿತ್ತು. ಯಾವ ರೂಪದಲ್ಲಿ ಮಾರಾಟವಾದರೂ ವಾರದ ಮಾರಾಟದ ಪಟ್ಟಿಯಾದ ಚಾರ್ಟಿನಲ್ಲಿ ಎಲ್ಲವೂ ಆ ಹಾಡಿನ ಲೆಕ್ಕಕ್ಕೇ ಸೇರುತ್ತಿತ್ತು. ಇದನ್ನು ನೋಡಿಕೊಂಡೇ ಕಂಪನಿಗಳು ಸಿ.ಡಿ.ಯನ್ನು ಎರಡು ಮಾಡಿದವು. ಮುಖ್ಯ ಹಾಡು ಎರಡರಲ್ಲೂ ಅದೇ, ಜೊತೆಗಿರುವ, ಬಿ-ಸೈಡ್ ಎಂದು ಕರೆಯುವ ಹೆಚ್ಚುವರಿ ಹಾಡುಗಳು ಮಾತ್ರ ಬೇರೆ. ಎಲ್ಲವೂ ಬೇಕೆನ್ನುವ ಅಭಿಮಾನಿ ಎರಡನ್ನೂ ಕೊಳ್ಳುತ್ತಿದ್ದ, ಚಾರ್ಟಿನಲ್ಲಿ ಅವನು ಇಬ್ಬರಾಗಿ ಎಣಿಕೆಯಾಗುತ್ತಿದ್ದ.

‘ಕಂಟ್ರಿ ಹೌಸ್’ನ ಮೊದಲ ಸಿ.ಡಿ.ಯಲ್ಲಿ ಒಂದು ಹೊಸ ಹಾಡು, ಜೊತೆಗೆ ಫ್ರಾನ್ಸಿನ ಗಾಯಕಿ ಫ್ರಾಂಸ್ವಾಜ್ ಆರ್ಡಿ ದನಿಗೂಡಿಸಿದ ‘ಟು ದಿ ಎಂಡ್’ ಇದ್ದವು. ಎರಡನೆಯದರಲ್ಲಿ ಅದೇ ವರ್ಷ ಜೂನ್‌ನಲ್ಲಿ ಲಂಡನ್ನಿನ ಮೈಲ್ ಎಂಡ್ ಕ್ರೀಡಾಂಗಣದಲ್ಲಿ ನಡೆದ ಕಾರ್ಯಕ್ರಮದ ಲೈವ್ ಹಾಡುಗಳು. ಓಯಸಿಸ್ ತಂದದ್ದು ಒಂದೇ ಸಿ.ಡಿ., ಅದರ ಬೆಲೆಯೂ ಹೆಚ್ಚು. ಸಾಲದ್ದಕ್ಕೆ ಕೆಲವು ಅಂಗಡಿಗಳಲ್ಲಿ ಅದರ ಬಾರ್‌ಕೋಡನ್ನು ಯಂತ್ರ ಓದುತ್ತಿಲ್ಲ ಎಂಬ ದೂರೂ ಎದ್ದಿತು. ಹಾಡಿನ ಗುಣಕ್ಕಿಂತ ಡಬ್ಬಿಯ ಲೆಕ್ಕಾಚಾರವೇ ಆ ವಾರ ಗೆದ್ದಿತು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಇದನ್ನು ಬರೀ ವ್ಯಾಪಾರದ ಚಾಲಾಕಿ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಪ್ರತಿ ಸಿಂಗಲ್‌ಗೂ ಎರಡು ಮೂರು ಹೆಚ್ಚುವರಿ ಹಾಡು ಬೇಕಾದ್ದರಿಂದಲೇ ಈ ಬ್ಯಾಂಡುಗಳು ಬಿಡುವಿಲ್ಲದೆ ಬರೆದವು. 1992ರಲ್ಲಿ ಸ್ವೇಡ್ ಎಂಬ ಬ್ಯಾಂಡ್ ತನ್ನ ಮೊದಲ ಸಿಂಗಲ್ ‘ದಿ ಡ್ರೌನರ್ಸ್’ನ ಹಿಂದೆ ಇಟ್ಟ ‘ಮೈ ಇನ್‌ಸೇಷಿಯಬಲ್ ವನ್’ ಯಾವ ಆಲ್ಬಮ್ಮಿನಲ್ಲಾದರೂ ಮೆರೆಯಬಹುದಾದ ಹಾಡು. ಆ ಬ್ಯಾಂಡಿನ ಬಿ-ಸೈಡ್‌ಗಳು 1997ರಲ್ಲಿ ‘ಸೈ-ಫೈ ಲಲಬೈಸ್’ ಹೆಸರಿನಲ್ಲಿ ಒಟ್ಟಾಗಿ ಬಂದಾಗ ಎರಡು ಡಿಸ್ಕ್ ಬೇಕಾಯಿತು. ಓಯಸಿಸ್ 1995ರ ಏಪ್ರಿಲ್‌ನಲ್ಲಿ ತಂದ ‘ಸಮ್ ಮೈಟ್ ಸೇ’ ಒಂದರಲ್ಲೇ ‘ಅಕ್ವಿಯೆಸ್’, ‘ಟಾಕ್ ಟುನೈಟ್’ ಎರಡೂ ಇದ್ದವು. ಅದೇ ಅಕ್ಟೋಬರ್‌ನಲ್ಲಿ ‘ವಂಡರ್‌ವಾಲ್’ ಹಿಂದೆ ‘ದಿ ಮಾಸ್ಟರ್‌ಪ್ಲಾನ್’ ಬಂತು. ಇಷ್ಟನ್ನೂ ಆಲ್ಬಮ್ಮಿಗೆಂದು ಉಳಿಸಿಕೊಂಡಿದ್ದರೆ 1997ರ ‘ಬಿ ಹಿಯರ್ ನೌ’ ಅಷ್ಟು ಸೊರಗುತ್ತಿರಲಿಲ್ಲ. ಆದರೆ ಆಲ್ಬಮ್ ಕೊಂಡವರಿಗೆ ಸಿಗದ ಹಾಡು ತನಗೆ ಗೊತ್ತು ಎನ್ನುವ ಹೆಮ್ಮೆಯೂ ಆಗ ಅಭಿಮಾನಿಗೆ ಸಿಗುತ್ತಿರಲಿಲ್ಲ.

ಈ ಹಳೆಯ ಪ್ರತಿಗಳನ್ನು ಈಗ ಕೊಳ್ಳುವವರು ಡಬ್ಬಿ ತೆರೆದು ನೋಡದೆ ದುಡ್ಡು ಕೊಡಬಾರದು. ಕೆಲವು ಸಿಂಗಲ್‌ಗಳ ಮೊದಲ ಸಿ.ಡಿ. ಡಬ್ಬಿಯಲ್ಲಿ ಎರಡನೆಯದನ್ನು ಇಡಲು ಖಾಲಿ ಜಾಗ ಬಿಟ್ಟಿರುತ್ತಿದ್ದರು. ಆ ಜಾಗ ಖಾಲಿಯಿದ್ದರೂ ‘ಪೂರ್ತಿ ಸೆಟ್’ ಎಂದು ಮಾರುವವರಿದ್ದಾರೆ. ಡಬ್ಬಿಯ ಬೆನ್ನಿನ ಸಂಖ್ಯೆಗೂ ಡಿಸ್ಕಿನ ಮೇಲಿನದಕ್ಕೂ ತಾಳೆಯಾಗಬೇಕು. ಓಯಸಿಸ್ ಹಾಡುಗಳನ್ನು ಹೊರತರುತ್ತಿದ್ದ ಕ್ರಿಯೇಷನ್ ಕಂಪನಿಯ ‘ಸಮ್ ಮೈಟ್ ಸೇ’ಗೆ ಅದು 204, ‘ರೋಲ್ ವಿತ್ ಇಟ್’ಗೆ 212. ಓಯಸಿಸ್‌ನ ಮೊದಲೆರಡು ಆಲ್ಬಮ್‌ಗಳ ಬ್ರಿಟಿಷ್ ವಿನೈಲ್ ತಲಾ ಎರಡು ತಟ್ಟೆಯದು. ಐವತ್ತು ನಿಮಿಷದ ಸಂಗೀತವನ್ನು ಒಂದೇ ತಟ್ಟೆಗೆ ತುರುಕಿದರೆ ಗೆರೆಗಳು ಒತ್ತೊತ್ತಾಗಿ, ದನಿಯ ಮಟ್ಟವನ್ನೂ ಬೇಸನ್ನೂ (ತಗ್ಗು ಸ್ವರಗಳನ್ನೂ) ತಗ್ಗಿಸಬೇಕಾಗುತ್ತದೆ. ಎರಡು ತಟ್ಟೆಯಲ್ಲಿ ಮಿಕ್ಕ ಜಾಗಕ್ಕೆ ಸಿ.ಡಿ.ಯಲ್ಲಿಲ್ಲದ ಒಂದೊಂದು ಹಾಡು ಸೇರಿತು: ಮೊದಲನೆಯದಕ್ಕೆ ‘ಸ್ಯಾಡ್ ಸಾಂಗ್’, ಎರಡನೆಯದಕ್ಕೆ ‘ಬೋನ್‌ಹೆಡ್ಸ್ ಬ್ಯಾಂಕ್ ಹಾಲಿಡೇ’.

2005ರಲ್ಲಿ ಡೌನ್‌ಲೋಡ್, 2014ರಲ್ಲಿ ಸ್ಟ್ರೀಮಿಂಗ್ ಬ್ರಿಟಿಷ್ ಸಿಂಗಲ್ಸ್ ಚಾರ್ಟಿನ ಲೆಕ್ಕಕ್ಕೆ ಸೇರಿದವು. ಎರಡು ಸಿ.ಡಿ. ಮಾಡಿ ಮಾರುವ ಕಾಲ ಹೋಯಿತು, ಬಿ-ಸೈಡ್ ಬರೆಯುವ ಅಗತ್ಯವೂ ಹೋಯಿತು. ಅಭಿಮಾನಿಯ ಜೇಬಿಗೆ ಕೈ ಹಾಕುವ ದಾರಿ ಟಿಕೆಟ್ ಕಡೆ ತಿರುಗಿತು.

1996ರ ಆಗಸ್ಟ್ 10 ಮತ್ತು 11ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಓಯಸಿಸ್ ಹಾಡಿದಾಗ ದಿನಕ್ಕೆ 1,25,000 ಜನ ಸೇರಿದ್ದರು. ಟಿಕೆಟ್ ಕೇಳಿದವರು 25 ಲಕ್ಷಕ್ಕೂ ಹೆಚ್ಚು. 2009ರಲ್ಲಿ ಒಡೆದುಹೋದ ಬ್ಯಾಂಡ್ ಮತ್ತೆ ಸೇರುವ ಸುದ್ದಿ 2024ರ ಆಗಸ್ಟ್‌ನಲ್ಲಿ ಬಂತು. ಟಿಕೆಟ್ ಮಾರಾಟದ ದಿನ ಆನ್‌ಲೈನ್ ಸರದಿಯಲ್ಲಿ ಗಂಟೆಗಟ್ಟಲೆ ಕಾದವರಿಗೆ ಸುಮಾರು 150 ಪೌಂಡಿನ ನಿಂತು ನೋಡುವ ಟಿಕೆಟ್ 350 ಪೌಂಡ್ ದಾಟಿ ಕಾಣಿಸಿತು. ಬೇಡಿಕೆ ಏರಿದಂತೆ ಕಂಪ್ಯೂಟರೇ ಬೆಲೆ ಏರಿಸಿತು ಎಂದು ಬಹಳ ಜನ ನಂಬಿದರು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಕಂಡುಕೊಂಡದ್ದೇ ಬೇರೆ: ನಿಂತು ನೋಡುವ ಟಿಕೆಟ್‌ಗೆ ಮೊದಲೇ ಎರಡು ಬೆಲೆ ಇಟ್ಟಿದ್ದರು, ಕಡಿಮೆ ಬೆಲೆಯವು ತೀರಿದ ಮೇಲೆ ದುಬಾರಿಯವು ಹೊರಬಂದವು. ಸರದಿಯಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲ. ಹೀಗೆ ಎರಡು ಬೆಲೆ ಇರುವುದಾದರೆ 24 ಗಂಟೆ ಮೊದಲೇ ತಿಳಿಸುತ್ತೇವೆ ಎಂದು ಟಿಕೆಟ್ ಮಾರಿದ ಕಂಪನಿ ಟಿಕೆಟ್‌ಮಾಸ್ಟರ್ 2025ರಲ್ಲಿ ಒಪ್ಪಿಕೊಂಡಿತು. ಸಿ.ಡಿ. ಸಿಂಗಲ್ ಕಾಲದಲ್ಲಿ ಎರಡನೆಯ ಬಾರಿ ದುಡ್ಡು ಕೊಟ್ಟವನಿಗೆ ಇನ್ನೆರಡು ಹಾಡಾದರೂ ಸಿಗುತ್ತಿದ್ದವು. ಇಲ್ಲಿ ಹೆಚ್ಚು ಕೊಟ್ಟವನು ನಿಂತದ್ದೂ ಅದೇ ಜಾಗದಲ್ಲಿ.

2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಮತ್ತೆ ಸೇರಿದ ಓಯಸಿಸ್‌ನ ಪ್ರವಾಸ ಶುರುವಾಯಿತು. ಎರಡನೆಯ ಹಾಡಾಗಿ ಬಂದದ್ದು ‘ಅಕ್ವಿಯೆಸ್’. ನಡುವೆ ‘ಟಾಕ್ ಟುನೈಟ್’, ಕೊನೆಯ ಹೊತ್ತಿಗೆ ‘ದಿ ಮಾಸ್ಟರ್‌ಪ್ಲಾನ್’. ಮೂರೂ ಬಿ-ಸೈಡ್‌ಗಳೇ.