ಕ್ವಾರ್ಟರ್ ಟು ಸೆವೆನ್: ನುಂಗಿಹೋದ ಒಂದು 'ಟು' ಬಗ್ಗೆ ನನ್ನ ಟಿಪ್ಪಣಿ

ಕಳೆದ ವಾರ ಆನ್‌ಲೈನ್ ಇಂಗ್ಲಿಷ್ ಕ್ಲಾಸಿಗೆ ಐದು ನಿಮಿಷ ಮುಂಚೆಯೇ ಬಂದೆ ಅಂತ ಖುಷಿಯಲ್ಲಿದ್ದೆ. ನಿಜವಾಗಿ ಇಪ್ಪತ್ತೈದು ನಿಮಿಷ ತಡವಾಗಿತ್ತು. ಟೀಚರ್ ಕಳಿಸಿದ್ದ ವಾಯ್ಸ್ ಮೆಸೇಜಿನಲ್ಲಿ ಇದ್ದದ್ದು 'ಕ್ವಾರ್ಟರ್ ಟು ಸೆವೆನ್'. ನನ್ನ ಕಿವಿಗೆ ಬಿದ್ದದ್ದು 'ಕ್ವಾರ್ಟರ್' ಮತ್ತು 'ಸೆವೆನ್' ಎರಡೇ. ಕಾಲು, ಏಳು, ಹಾಗಾದರೆ ಏಳೂಕಾಲು ಅಂದುಕೊಂಡು 7:10ಕ್ಕೆ ಹಾಜರಾದೆ. ಕ್ಲಾಸ್ ಶುರುವಾಗಿದ್ದು 6:45ಕ್ಕೆ.

ಅದೇ ಮಾತನ್ನು ಬರೆದು ಕಳಿಸಿದ್ದರೆ ತಪ್ಪುತ್ತಿರಲಿಲ್ಲ. ಓದಿದರೆ ಗೊತ್ತಾಗುತ್ತದೆ, ಕೇಳಿದರೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಜಾಸ್ತಿ ಜನರ ಗೋಳು ಇದೇ ಅಲ್ವಾ? ಹಾಗಾಗಿ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಲೆಕ್ಕದ ವಿಷಯ

ಆರೂಕಾಲು, ಆರೂವರೆ, ಆರೂಮುಕ್ಕಾಲು. ಕನ್ನಡದಲ್ಲಿ ಮೂರಕ್ಕೂ ಆರೇ ಆಧಾರ. ಆಗಿಹೋದ ಗಂಟೆಗೆ ಕೂಡಿಸುತ್ತಾ ಹೋಗುತ್ತೇವೆ. ಇಂಗ್ಲಿಷ್ ಅರ್ಧ ಗಂಟೆಯವರೆಗೆ 'ಪಾಸ್ಟ್' ಹೇಳಿಕೊಂಡು ನಮ್ಮ ಹಾಗೇ ನಡೆಯುತ್ತದೆ, ಆಮೇಲೆ ತಿರುಗಿ ಮುಂದಿನ ಗಂಟೆಯನ್ನು ನೋಡುತ್ತದೆ. 'ಕ್ವಾರ್ಟರ್ ಟು ಸೆವೆನ್' ಅಂದರೆ ಏಳಾಗುವುದಕ್ಕೆ ಇನ್ನೂ ಕಾಲು ಗಂಟೆ ಇದೆ ಅಂತ.

ತಮಾಷೆ ಏನೆಂದರೆ 'ಟೆನ್ ಟು ಸೆವೆನ್' ನನಗೆ ಯಾವತ್ತೂ ಕಷ್ಟ ಆಗಿಲ್ಲ. ನಾವೂ 'ಏಳಕ್ಕೆ ಹತ್ತು ನಿಮಿಷ ಇದೆ' ಅನ್ನುತ್ತೇವೆ. ಮುಕ್ಕಾಲು ಅನ್ನುವ ಸೊಗಸಾದ ಪದ ಕೈಯಲ್ಲಿ ಇರುವುದರಿಂದಲೇ ಇಲ್ಲಿ ಎಡವುತ್ತೇವೆ.

ಆ 'ಟು' ಎಲ್ಲಿ ಹೋಯಿತು?

ಇದೇ ನನ್ನನ್ನು ನಾಲ್ಕು ದಿನ ಕಾಡಿದ್ದು. ಮೆಸೇಜನ್ನು ಹತ್ತು ಸಲ ಹಾಕಿ ಕೇಳಿದೆ. 'ಟು' ಇದೆ, ಆದರೆ ಅದು 'ಟೂ' ಅಲ್ಲ. ಬರೀ ಒಂದು 'ಟ', ಅದೂ ಅರ್ಧ ಬಾಯಿ ತೆರೆದು ಹೇಳಿದ ಹಾಗೆ.

ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಹೆಚ್ಚುಕಡಿಮೆ ಅದರ ಪಾಲಿನ ಸಮಯ ಸಿಗುತ್ತದೆ. ಇಂಗ್ಲಿಷ್ ಹಾಗಲ್ಲ. ವಿಷಯ ಹೊತ್ತ ಪದಗಳ ಮೇಲೆ ಒತ್ತು ಹಾಕುತ್ತದೆ, ನಡುವಿನ ಚಿಲ್ಲರೆ ಪದಗಳನ್ನು ಹಿಂಡಿ ಬಿಸಾಕುತ್ತದೆ. ಹಿಂಡಿದ ಮೇಲೆ ಉಳಿಯುವ ಆ ಮಂಕು ಸ್ವರಕ್ಕೆ 'ಷ್ವಾ' ಅಂತ ಹೆಸರು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ ಇದೇ. ಆದರೂ 26 ಅಕ್ಷರಗಳಲ್ಲಿ ಇದಕ್ಕೆ ಅಂತಲೇ ಒಂದು ಅಕ್ಷರ ಇಲ್ಲ! ಎ, ಇ, ಓ, ಯು, ಯಾವುದರ ವೇಷದಲ್ಲಿ ಬೇಕಾದರೂ ಬರುತ್ತದೆ. ಕನ್ನಡ ಲಿಪಿಯಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ. ಸಡಿಲವಾಗಿ ಹೇಳಿದ 'ಅ' ಅಂತ ಇಟ್ಟುಕೊಳ್ಳಿ.

ಹೀಗೆ 'ಫಾರ್' ಬರೀ 'ಫ' ಆಗುತ್ತದೆ. 'ಲಾಟ್ ಆಫ್ ಟೈಮ್' ಹೋಗಿ 'ಲಾಟ ಟೈಮ್' ಆಗುತ್ತದೆ. 'ಅಟ್ ಎಯ್ಟ್' ಅನ್ನುವುದು 'ಅಟೆಯ್ಟ್'. ಇದು ನಮಗೆ ಹೊಸದೇನಲ್ಲ. ಊರು, ಅಲ್ಲಿ ಸೇರಿ ಊರಲ್ಲಿ ಆಗುವುದಿಲ್ಲವೇ? ವ್ಯತ್ಯಾಸ ಇಷ್ಟೇ: ನಾವು ಸೇರಿಸಿ ಹೇಳಿದ್ದನ್ನು ಸೇರಿಸಿಯೇ ಬರೆಯುತ್ತೇವೆ. ಇಂಗ್ಲಿಷ್ ಸೇರಿಸಿ ಹೇಳಿ ಬಿಡಿಸಿ ಬರೆಯುತ್ತದೆ. ಬಿಡಿಸಿ ಬರೆದದ್ದನ್ನೇ ಓದಿ ಕಲಿತವರು ಕಿವಿಯಲ್ಲೂ ಅದನ್ನೇ ಹುಡುಕುತ್ತಾರೆ, ಸಿಗುವುದಿಲ್ಲ.

ಇದರಿಂದ ಸಿಕ್ಕ ಒಂದು ಉಪಾಯ ನನಗೆ ತುಂಬಾ ಇಷ್ಟ. 'ಐ ಕ್ಯಾನ್ ಕಮ್' ಮತ್ತು 'ಐ ಕ್ಯಾಂಟ್ ಕಮ್' ನಡುವೆ ಕೊನೆಯ 'ಟ್' ಹುಡುಕಬೇಡಿ. ವೇಗದ ಮಾತಿನಲ್ಲಿ ಅದು ಕೇಳಿಸದೇ ಹೋಗಬಹುದು. ಸ್ವರವನ್ನು ಕೇಳಿ. ಬರುತ್ತೇನೆ ಅನ್ನುವವರು ಸಾಮಾನ್ಯವಾಗಿ 'ಐ ಕನ್ ಕಮ್' ಅಂತ ಕ್ಯಾನ್ ಅನ್ನು ನುಂಗುತ್ತಾರೆ, ಒತ್ತು 'ಕಮ್' ಮೇಲೆ. ಬರುವುದಿಲ್ಲ ಅನ್ನುವವರ ಬಾಯಲ್ಲಿ ಆ ಸ್ವರ ಪೂರ್ತಿ, ಸ್ಪಷ್ಟವಾಗಿ ಬರುತ್ತದೆ. ನುಂಗಿದ್ದರೆ ಹೌದು, ತುಂಬಿ ಹೇಳಿದ್ದರೆ ಇಲ್ಲ. 'ಯೆಸ್, ಐ ಕ್ಯಾನ್' ಅಂತ ವಾಕ್ಯದ ಕೊನೆಯಲ್ಲಿ ಬಂದಾಗ ಮಾತ್ರ ಈ ಉಪಾಯ ಕೈಕೊಡುತ್ತದೆ. ಅಲ್ಲಿ ಕ್ಯಾನ್ ಕೂಡ ಪೂರ್ತಿ ಕೇಳಿಸುತ್ತದೆ.

ಈಗ ಅಭ್ಯಾಸ ಹೇಗೆ ಮಾಡುತ್ತೇನೆ

ಎರಡು ನಿಮಿಷದ ಆಡಿಯೊ, ಜೊತೆಗೆ ಅದರ ಪಠ್ಯ. ಮೊದಲು ಪಠ್ಯ ನೋಡದೆ ಕೇಳುತ್ತೇನೆ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುತ್ತೇನೆ. ಆಮೇಲೆ ಪಠ್ಯ ತೆಗೆದು, ನಾನು ಬಿಟ್ಟ ಪದಗಳಿಗೆ ಗೆರೆ ಎಳೆಯುತ್ತೇನೆ. ನೋಡಿ, ಗೆರೆ ಬೀಳುವುದು ದೊಡ್ಡ ಪದಗಳಿಗಲ್ಲ. ಟು, ಆಫ್, ಹ್ಯಾವ್, ಅಟ್ ಇವುಗಳಿಗೇ. ಕೊನೆಗೆ ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳುತ್ತೇನೆ. ಈಗ ಅವು ಕೇಳಿಸುತ್ತವೆ. ಮೊದಲೂ ಅಲ್ಲೇ ಇದ್ದವು ಅಂತ ನೆನೆದರೆ ನಗು ಬರುತ್ತದೆ.

ಸಬ್‌ಟೈಟಲ್ ಹಾಕಿಕೊಂಡು ಕೇಳುವುದನ್ನು ಬಿಟ್ಟೆ. ಅದು ಸುಮ್ನೆ ಓದುವುದು, ಕಿವಿ ಆರಾಮಾಗಿ ಮಲಗಿರುತ್ತದೆ.

ಓದುವುದಕ್ಕೆ ಸುಲಭದ್ದನ್ನೇ ಆರಿಸಿಕೊಳ್ಳಿ. ಸಹಾಯ ಇಲ್ಲದೆ ಆರಾಮಾಗಿ ಓದಲು ಸುಮಾರು 98% ಪದಗಳು ಗೊತ್ತಿರಬೇಕು ಅನ್ನುವ ಅಂದಾಜು 2000ದ ಒಂದು ಅಧ್ಯಯನದಿಂದ ಬಂದದ್ದು. ಅಂದರೆ 50 ಪದಕ್ಕೆ ಒಂದು ಹೊಸ ಪದ. ಕೇಳುವುದಕ್ಕೆ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಶುರು ಮಾಡಿದ ಸ್ಪೆಷಲ್ ಇಂಗ್ಲಿಷ್ ಮಾದರಿ ಚೆನ್ನ: ಸುಮಾರು 1,500 ಪದಗಳ ಮಿತಿ, ಚಿಕ್ಕ ವಾಕ್ಯ, ನಿಧಾನದ ಓದು. ಆದರೆ ನಿಧಾನದ್ದನ್ನೇ ಕೇಳುತ್ತಾ ಕೂತರೆ ನುಂಗುವ ಪದಗಳ ಪರಿಚಯ ಆಗುವುದಿಲ್ಲ. ದಿನಕ್ಕೆ ಒಂದು ತುಣುಕಾದರೂ ಮಾಮೂಲಿ ವೇಗದ್ದು ಇರಲಿ.

ಹೊತ್ತು: 'ಬಿಡುವಾದಾಗ ಕೇಳುತ್ತೇನೆ' ಅಂದುಕೊಂಡ ತಿಂಗಳು ಮೂರು ದಿನ ಕೇಳಿದ್ದೆ. ಈಗ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಇಯರ್‌ಫೋನ್ ಕಿವಿಗೆ. ಲಂಡನ್ನಿನ ಸಂಶೋಧಕರು ಹೊಸ ಅಭ್ಯಾಸ ಕೂರಲು ಎಷ್ಟು ದಿನ ಬೇಕು ಅಂತ ನೋಡಿ 2010ರಲ್ಲಿ ಪ್ರಕಟಿಸಿದರು. ನಡುವಿನ ಲೆಕ್ಕ 66 ದಿನ, ಒಬ್ಬೊಬ್ಬರಿಗೆ 18ರಿಂದ 254ರವರೆಗೆ. ಒಂದು ದಿನ ತಪ್ಪಿದರೆ ಕೆಡುವುದಿಲ್ಲವಂತೆ. ನನ್ನದು ಇನ್ನೂ 31ನೇ ದಿನ.

ಸಮಯದ ಪದಗಳಲ್ಲಿ ಇನ್ನೆರಡು ಜೋಡಿ. 'ಬೈ ಫೈವ್' ಅಂದರೆ ಐದರೊಳಗೆ, 'ಅಂಟಿಲ್ ಫೈವ್' ಅಂದರೆ ಐದರವರೆಗೆ. ನಮ್ಮ ಒಳಗೆ, ವರೆಗೆ ಹಾಕಿ ನೋಡಿದರೆ ಮುಗಿಯಿತು. 'ಆನ್ ಟೈಮ್' ಅಂದರೆ ಹೇಳಿದ ಹೊತ್ತಿಗೆ ಸರಿಯಾಗಿ. 'ಇನ್ ಟೈಮ್' ಅಂದರೆ ಕೈಮೀರುವ ಮುಂಚೆ.

ಇವೆಲ್ಲ ತಿಳಿದುಕೊಂಡೆ ಅಂದುಕೊಳ್ಳುವಾಗಲೇ ಮೊನ್ನೆ 'ಹಾಫ್ ಸೆವೆನ್' ಅಂತ ಕೇಳಿಸಿತು. ಬ್ರಿಟಿಷರ ಆಡುಮಾತಿನಲ್ಲಿ ಅದು ಏಳೂವರೆ, 'ಪಾಸ್ಟ್' ಅನ್ನು ನುಂಗುವುದೂ ಇಲ್ಲ, ಪೂರ್ತಿ ಕೈಬಿಡುತ್ತಾರೆ! ಈಗ ಯಾರೇ ಸಮಯ ಹೇಳಿದರೂ ಅಂಕಿಯಲ್ಲೇ ತಿರುಗಿ ಕೇಳುತ್ತೇನೆ: 'ಸೆವೆನ್ ಥರ್ಟಿ, ರೈಟ್?'